ಆರ್ಬಿಟ್ರೇಶನ್ನಾ, ಲೇಬರ್ ಆಫೀಸಾ, ಕೋರ್ಟಾ: ಕಂಪನಿ ಜೊತೆ ಜಟಾಪಟಿ ಆದ್ರೆ ಯಾವ ದಾರಿ ಹಿಡಿಯುದು, ಎಷ್ಟು ಖರ್ಚು

ಅಪಾಯಿಂಟ್‌ಮೆಂಟ್ ಲೆಟರ್ ಕೈಗೆ ಬಂದ ಕೂಡ್ಲೇ ನಾವೆಲ್ಲ ಹುಡುಕುದು ಸಂಬಳ ಬರೆದ ಪುಟವನ್ನೇ. ಕೈಗೆ ಎಷ್ಟು ಬರ್ತದೆ, ಪಿಎಫ್ ಎಷ್ಟು ಕಟ್ಟು, ನೋಟಿಸ್ ಪೀರಿಯಡ್ ಎರಡು ತಿಂಗಳಾ ಮೂರು ತಿಂಗಳಾ, ಅಷ್ಟು ನೋಡಿ ಪ್ರತಿ ಪುಟದ ಕೆಳಗೆ ಸೈನ್ ಗೀಚಿ ಸ್ಕ್ಯಾನ್ ಮಾಡಿ ಕಳಿಸಿದ್ರೆ ಆಯ್ತು. ಕೊನೇ ಪುಟದ ಹತ್ರ ನಾಲ್ಕು ಸಾಲು ಇರ್ತದೆ, ಅದನ್ನು ಓದುವವರು ಕಮ್ಮಿ: ಈ ಕೆಲಸದ ವಿಷಯದಲ್ಲಿ ಯಾವುದೇ ತಕರಾರು ಬಂದ್ರೆ ಕಂಪನಿಯ ಎಂಡಿ ನೇಮಿಸಿದ ಒಬ್ಬ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ಜಗಳ ಬಗೆಹರಿಸುವ ಖಾಸಗಿ ತೀರ್ಪುಗಾರ) ತೀರ್ಮಾನ ಮಾಡ್ತಾರೆ, ಜಾಗ ಬೆಂಗಳೂರು, ಭಾಷೆ ಇಂಗ್ಲಿಷ್, ಖರ್ಚು ಇಬ್ರಿಗೂ ಅರ್ಧರ್ಧ.

ನಾನು ಮಂಗಳೂರಿನ ಬೈಕಂಪಾಡಿ ಕಡೆ ಎಚ್‌ಆರ್ ಕೆಲಸ ಮಾಡಿದವ, ಇಂಥ ಲೆಟರ್‌ಗಳನ್ನು ಪ್ರಿಂಟ್ ತೆಗೆದು ಸೈನ್ ಹಾಕಿಸಿದವನೇ. ವಕೀಲ ಅಲ್ಲ. ಆದ್ರೆ ಕೆಲಸ ಬಿಟ್ಟವರು, ತೆಗೆಸಿಕೊಂಡವರು, ಫುಲ್ ಆಂಡ್ ಫೈನಲ್ (ಬಿಡುವಾಗಿನ ಕೊನೇ ಲೆಕ್ಕದ ದುಡ್ಡು) ಸಿಗದವರು ಬಂದು ಕೇಳುದು ಒಂದೇ ಪ್ರಶ್ನೆ, "ಅಣ್ಣ, ಸೈನ್ ಹಾಕಿ ಆಗಿದೆ, ಇನ್ನು ಲೇಬರ್ ಆಫೀಸಿಗೆ ಹೋಗ್ಲಿಕ್ಕೆ ಆಗ್ತದಾ?" ಹೆಚ್ಚಿನವರಿಗೆ ಆಗ್ತದೆ. ಹೇಗೆ, ಯಾರಿಗೆ, ಎಷ್ಟು ದುಡ್ಡಿಗೆ ಅನ್ನುದೇ ಈಗ ಹೇಳ್ಲಿಕ್ಕೆ ಹೊರಟದ್ದು.

ಮೊದ್ಲು ನೀವು ಯಾರು ಅಂತ ನೋಡ್ಕೊಳ್ಳಿ

ದಾರಿ ಆರಿಸುವ ಮೊದ್ಲು ಎರಡು ವಿಷಯ ಕ್ಲಿಯರ್ ಆಗ್ಬೇಕು. ಒಂದು, ಕಾನೂನಿನ ಕಣ್ಣಲ್ಲಿ ನೀವು ಕಾರ್ಮಿಕರಾ ಮ್ಯಾನೇಜರಾ. ಇನ್ನೊಂದು, ನಿಮಗೆ ವಾಪಸ್ ಕೆಲಸ ಬೇಕಾ, ಬರೇ ದುಡ್ಡು ಸಾಕಾ.

ವಿಸಿಟಿಂಗ್ ಕಾರ್ಡಲ್ಲಿ ಎಂತ ಬರೆದಿದೆ ಅನ್ನುದು ಇಲ್ಲಿ ಲೆಕ್ಕಕ್ಕೆ ಇಲ್ಲ. ನಮ್ಮ ಊರಲ್ಲಿ ಮೂರು ಜನ ಇರುವ ಆಫೀಸಲ್ಲೂ ಒಬ್ಬ ಅಸಿಸ್ಟೆಂಟ್ ಮ್ಯಾನೇಜರ್ ಇರ್ತಾನೆ, ಅವನ ಕೈಕೆಳಗೆ ಯಾರೂ ಇರುದಿಲ್ಲ, ರಜೆ ಕೊಡುವ ಅಧಿಕಾರ ಇಲ್ಲ, ಕೂತು ಬಿಲ್ ಎಂಟ್ರಿ ಮಾಡುದು. ಅಂಥವ ಕಾನೂನಿಗೆ ಕಾರ್ಮಿಕನೇ ಆಗ್ಲಿಕ್ಕೂ ಸಾಕು, ಯಾಕಂದ್ರೆ ನೋಡುದು ಮುಖ್ಯವಾಗಿ ಮಾಡುವ ಕೆಲಸ ಎಂತದು ಅಂತ. 2025 ನವೆಂಬರ್ 21ಕ್ಕೆ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದ್ವು. ಅದ್ರಲ್ಲಿ ಇಂಡಸ್ಟ್ರಿಯಲ್ ರಿಲೇಶನ್ಸ್ ಕೋಡ್ ಪ್ರಕಾರ ಮುಖ್ಯವಾಗಿ ಮ್ಯಾನೇಜ್‌ಮೆಂಟ್ ಅಥವಾ ಆಡಳಿತದ ಕೆಲಸ ಮಾಡುವವರು ಕಾರ್ಮಿಕರಲ್ಲ, ಸೂಪರ್‌ವೈಸರ್ ಕೆಲಸ ಮಾಡಿ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳ ಇರುವವರೂ ಅಲ್ಲ. ಹಳೇ ಕಾಯ್ದೆಯಲ್ಲಿ ಆ ಮಿತಿ 10,000 ಇತ್ತು. ಟೆಕ್ನಿಕಲ್ ಕೆಲಸ, ಕ್ಲೆರಿಕಲ್ ಕೆಲಸ ಮಾಡುವವರಿಗೆ ಈ 18,000ದ ಲೆಕ್ಕ ಇಲ್ಲ ಅನ್ನುದು ತುಂಬ ಜನರಿಗೆ ಗೊತ್ತಿಲ್ಲ. ಐವತ್ತು ಸಾವಿರ ಸಂಬಳದ ಟೆಸ್ಟಿಂಗ್ ಇಂಜಿನಿಯರ್ ಕೂಡ, ಕೈಕೆಳಗೆ ಯಾರೂ ಇಲ್ಲದಿದ್ರೆ, ನಾನು ಕಾರ್ಮಿಕ ಅಂತ ವಾದ ಮಾಡ್ಬಹುದು.

ಲೇಬರ್ ಆಫೀಸಿನ ದಾರಿ

ನನ್ನ ಕೇಳಿದ್ರೆ ಕಾರ್ಮಿಕರ ಲೆಕ್ಕಕ್ಕೆ ಬರುವವರು ಮೊದ್ಲು ಹತ್ಬೇಕಾದ ಮೆಟ್ಟಿಲು ಇದು. ಅರ್ಜಿ ಕೊಡ್ಲಿಕ್ಕೆ ಕೋರ್ಟ್ ಫೀ ಅಂತ ಇಲ್ಲ. ಅಧಿಕಾರಿ ಎರಡೂ ಪಾರ್ಟಿಯನ್ನು ಕರೆದು ಕೂರಿಸಿ ಮಾತಾಡಿಸ್ತಾರೆ, ರಾಜಿ ಆಗದಿದ್ರೆ ವಿಷಯ ಟ್ರಿಬ್ಯೂನಲ್ಲಿಗೆ, ಅಂದ್ರೆ ಕಾರ್ಮಿಕರ ವಿವಾದಕ್ಕಂತಲೇ ಇರುವ ನ್ಯಾಯಮಂಡಳಿಗೆ ಹೋಗ್ತದೆ. ಹೊಸ ಕೋಡ್ ಪ್ರಕಾರ ಸಂಧಾನ 45 ದಿನದಲ್ಲಿ ಮುಗಿಬೇಕು, ಆಗದಿದ್ರೆ ವರದಿ ಸಿಕ್ಕಿ 90 ದಿನದ ಒಳಗೆ ನೀವೇ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕ್ಬಹುದು, ಸರ್ಕಾರ ರೆಫರ್ ಮಾಡ್ಲಿ ಅಂತ ಕಾಯ್ಬೇಕಂತಿಲ್ಲ. ಕೆಲಸದಿಂದ ತೆಗೆದದ್ದರ ಬಗ್ಗೆ ಹೋಗುದಾದ್ರೆ ಎರಡು ವರ್ಷದ ಗಡುವು ಉಂಟು, ಮೊದ್ಲು ಮೂರು ಇತ್ತು. ಹಾಗಾಗಿ "ನೋಡುವ, ಅವ್ರೇ ಕರೀಬಹುದು" ಅಂತ ಕೂತ್ರೆ ಕೆಟ್ಟಿತು.

ಎಲ್ಲಿಗೆ ಹೋಗುದು ಅನ್ನುದ್ರಲ್ಲೇ ಅರ್ಧ ಜನ ಗೊಂದಲ ಮಾಡ್ಕೊಳ್ತಾರೆ. ಆಸ್ಪತ್ರೆ, ಹೋಟೆಲು, ಐಟಿ, ಗೇರುಬೀಜದ ಫ್ಯಾಕ್ಟರಿ, ಬೀಡಿ, ಮೀನಿನ ಕಂಪನಿ, ಇವೆಲ್ಲ ರಾಜ್ಯದ ಕಾರ್ಮಿಕ ಇಲಾಖೆಗೆ. ಉಡುಪಿಯವರಿಗೆ ಅದು ಮಣಿಪಾಲದ ರಜತಾದ್ರಿಯಲ್ಲಿ. ಬ್ಯಾಂಕು, ಬಂದರು ಅಂದ್ರೆ ಕೇಂದ್ರದ ಲೆಕ್ಕ, ಅದಕ್ಕೆ ಮಂಗಳೂರಲ್ಲಿ ಕೇಂದ್ರದ ಸಹಾಯಕ ಲೇಬರ್ ಕಮಿಷನರ್ ಬೇರೆಯೇ ಇದ್ದಾರೆ. ರಾಜ್ಯದ ಆಫೀಸಲ್ಲಿ ಬ್ಯಾಂಕಿನ ಅರ್ಜಿ ಕೊಟ್ರೆ ವಾಪಸ್ ಕಳಿಸ್ತಾರೆ, ಅಷ್ಟರಲ್ಲಿ ತಿಂಗಳು ಹೋಗಿರ್ತದೆ.

ಈ ದಾರಿಯ ದೊಡ್ಡ ಲಾಭ ಎಂತ ಅಂದ್ರೆ ಇಲ್ಲಿ ಕೆಲಸವೇ ವಾಪಸ್ ಸಿಗುವ ಚಾನ್ಸ್ ಉಂಟು, ಬಾಕಿ ಸಂಬಳ ಸಮೇತ. ಸಿವಿಲ್ ಕೋರ್ಟಲ್ಲಿ ಅದು ಸಿಗುದಿಲ್ಲ ಅಂತಲೇ ಇಟ್ಕೊಳ್ಳಿ, ಖಾಸಗಿ ಕಂಪನಿಗೆ ಇವನನ್ನೇ ಇಟ್ಕೊ ಅಂತ ಒತ್ತಾಯ ಮಾಡ್ಲಿಕ್ಕೆ ಸ್ಪೆಸಿಫಿಕ್ ರಿಲೀಫ್ ಕಾಯ್ದೆ ಬಿಡುದಿಲ್ಲ, ಪರಿಹಾರದ ದುಡ್ಡು ಮಾತ್ರ. ಆರ್ಬಿಟ್ರೇಶನ್ನಲ್ಲೂ ಅದೇ ಕಥೆ. ಕೊರತೆ ಅಂದ್ರೆ ಟೈಮು. ಕಾಗದದಲ್ಲಿ ಗಡುವು ಎಷ್ಟು ಬರೆದಿದ್ರೂ ಟ್ರಿಬ್ಯೂನಲ್ ಆದ್ಮೇಲೆ ಹೈಕೋರ್ಟು ಅಂತ ಕಂಪನಿ ಎಳೆದ್ರೆ ವರ್ಷಗಳೇ ಹೋಗ್ತವೆ.

ವಕೀಲರ ಖರ್ಚಿನ ಬಗ್ಗೆ ಇನ್ನೊಂದು ಮಾತು. ಲೀಗಲ್ ಸರ್ವಿಸಸ್ ಅಥಾರಿಟೀಸ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಉಂಟು, ಅದು ಗೊತ್ತಿದ್ದದ್ದೇ, ಆದ್ರೆ ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ ಅಥವಾ 15100ಕ್ಕೆ ಫೋನ್ ಹಾಕಿ.

ಸಂಬಳ ಬಾಕಿ ಒಂದೇ ತಕರಾರು ಆದ್ರೆ

ಕೆಲಸ ಬೇಡ, ಕೊನೇ ಎರಡು ತಿಂಗಳ ಸಂಬಳ ಕೊಟ್ರೆ ಸಾಕು ಅನ್ನುವವರು ಮೇಲಿನ ರಗಳೆಗೆಲ್ಲ ಹೋಗುದು ಬೇಡ. ಕೋಡ್ ಆನ್ ವೇಜಸ್ ಪ್ರಕಾರ ರಾಜೀನಾಮೆ ಕೊಟ್ರೂ, ತೆಗೆದು ಹಾಕಿದ್ರೂ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡ್ಬೇಕು. ಹೌದು, ಎರಡೇ ದಿನ, ನಮ್ಮ ಕಂಪನಿಗಳು ಹೇಳುವ 45 ದಿನ ಅಲ್ಲ. ಕೊಡದಿದ್ರೆ ಮೂರು ವರ್ಷದೊಳಗೆ ಸಂಬಳದ ಕ್ಲೈಮ್ ನೋಡ್ಲಿಕ್ಕೆ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಕ್ಲೈಮ್ ಹಾಕ್ಬಹುದು, ಅವ್ರು ಬಾಕಿ ದುಡ್ಡಿನ ಜೊತೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಹಾಕ್ಬಹುದು, ಆಗಲೂ ಕಟ್ಟದಿದ್ರೆ ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ವಸೂಲಿ ಮಾಡ್ಲಿಕ್ಕೆ ಉಂಟು. ಸಂಬಳ ಕೊಟ್ಟಿದ್ದೇವೆ ಅಂತ ತೋರಿಸುವ ಜವಾಬ್ದಾರಿಯೂ ಕಂಪನಿಯದ್ದೇ. ಇನ್ನೊಂದು ಖುಷಿಯ ವಿಷಯ, ಹಳೇ ಕಾಯ್ದೆಯಲ್ಲಿ ತಿಂಗಳಿಗೆ 24,000 ರೂಪಾಯಿ ಮೇಲೆ ಸಂಬಳ ಇದ್ದವರಿಗೆ ಈ ಬಾಗಿಲು ಮುಚ್ಚಿತ್ತು, ಹೊಸದ್ರಲ್ಲಿ ಮ್ಯಾನೇಜರ್‌ಗಳೂ ಒಳಗೆ ಬಂದಿದ್ದಾರೆ. ಮೇಲೆ ಕಾರ್ಮಿಕ ಅಲ್ಲ ಅಂತ ಬೇಜಾರು ಮಾಡ್ಕೊಂಡವರು ಇಲ್ಲಿ ಸಮಾಧಾನ ಪಟ್ಕೊಳ್ಳಿ.

"ಆದ್ರೆ ಲೆಟರಲ್ಲಿ ಆರ್ಬಿಟ್ರೇಶನ್ ಅಂತ ಉಂಟಲ್ಲಾ" ಅಂತ ಎಚ್‌ಆರ್ ಹೆದರಿಸಿದ್ರೆ ಎರಡು ಕೇಸ್ ನೆನಪಿಟ್ಕೊಳ್ಳಿ. ಕಿಂಗ್‌ಫಿಷರ್ ಏರ್‌ಲೈನ್ಸಿನ ಉದ್ಯೋಗಿಗಳು ಬಾಕಿ ಸಂಬಳಕ್ಕೆ ಲೇಬರ್ ಕೋರ್ಟಿಗೆ ಹೋದಾಗ ಕಂಪನಿ ಇದನ್ನೇ ಹೇಳಿತ್ತು, ಬಾಂಬೆ ಹೈಕೋರ್ಟ್ 2012ರಲ್ಲಿ ಒಪ್ಪಲಿಲ್ಲ, ಕಾರ್ಮಿಕ ಕಾನೂನು ಅದಕ್ಕಂತಲೇ ಬೇರೆ ನ್ಯಾಯಸ್ಥಾನ ಮಾಡಿ ಇಟ್ಟಿರುವ ವಿವಾದವನ್ನು ಖಾಸಗಿ ಆರ್ಬಿಟ್ರೇಟರ್ ಹತ್ರ ತಗೊಂಡು ಹೋಗ್ಲಿಕ್ಕೆ ಆಗುದಿಲ್ಲ ಅಂತ ಹೇಳ್ತು. ಎರಡನೇದ್ದು 2024 ಡಿಸೆಂಬರಿನದ್ದು, ಹುಂಡೈ ಆಟೋಎವರ್ ಕಂಪನಿಯದ್ದು. ಉದ್ಯೋಗಿ ಸಂಬಳಕ್ಕೆ ಅಂತ ವೇಜಸ್ ಪ್ರಾಧಿಕಾರಕ್ಕೆ ಹೋದ್ರು, ಕಂಪನಿ ಗೌಪ್ಯತೆ ಮುರಿದಿದ್ದಾರೆ ಅಂತ ಹೇಳಿ ಆರ್ಬಿಟ್ರೇಟರ್ ನೇಮಕಕ್ಕೆ ಮದ್ರಾಸ್ ಹೈಕೋರ್ಟಿಗೆ ಹೋಯ್ತು, ಅಲ್ಲಿ ನೇಮಕವೂ ಆಯ್ತು. ಸುಪ್ರೀಂ ಕೋರ್ಟ್ ಆ ನೇಮಕ ರದ್ದು ಮಾಡಿ, ಮೇಲಿಂದ ಕಂಪನಿ ಉದ್ಯೋಗಿಗೆ 5 ಲಕ್ಷ ಖರ್ಚು ಕೊಡ್ಬೇಕು ಅಂತ ಹೇಳ್ತು. ಆರ್ಬಿಟ್ರೇಶನ್ನಿಗೆ ಎಳೆಯುದು ಕಂಪನಿಗೆ ಯಾವಾಗ್ಲೂ ಚೀಪ್ ಅಂತ ತಿಳ್ಕೊಂಡ ಮ್ಯಾನೇಜ್‌ಮೆಂಟುಗಳು ಈ ತೀರ್ಪನ್ನು ಫ್ರೇಮ್ ಹಾಕಿ ಇಟ್ಕೊಳ್ಬೇಕು.

ಗ್ರಾಚ್ಯುಟಿಗೂ ಹಾಗೆಯೇ ಬೇರೆ ಪ್ರಾಧಿಕಾರ ಉಂಟು. ಲೈಂಗಿಕ ಕಿರುಕುಳದ ದೂರು ಆದ್ರೆ ಮೂರು ತಿಂಗಳ ಒಳಗೆ ಕಂಪನಿಯ ಆಂತರಿಕ ಸಮಿತಿಗೆ, ಹತ್ತು ಜನಕ್ಕಿಂತ ಕಮ್ಮಿ ಇರುವ ಜಾಗ ಆದ್ರೆ ಅಥವಾ ದೂರು ಮಾಲೀಕನ ಮೇಲೆಯೇ ಆದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ.

ಆರ್ಬಿಟ್ರೇಶನ್: ಯಾರಿಗೆ ಸರಿ, ಯಾರಿಗೆ ಮಂಡೆಬಿಸಿ

ಈಗ ನಿಜವಾಗಿ ಸಿಕ್ಕಿ ಬೀಳುವವರ ವಿಷಯ: ಮ್ಯಾನೇಜರ್, ಜಿಎಂ, ಡಾಕ್ಟರ್ ಕನ್ಸಲ್ಟೆಂಟ್, ದೊಡ್ಡ ಪೋಸ್ಟಿನವರು. ಬೋನಸ್, ನೋಟಿಸ್ ದುಡ್ಡು, ಶೇರು, ಕಾಂಟ್ರಾಕ್ಟ್ ಮುರಿದದ್ದು ಇಂಥ ವಿಷಯದಲ್ಲಿ ಇವ್ರು ಸಿವಿಲ್ ಕೋರ್ಟಿಗೆ ಹೋದ್ರೆ ಕಂಪನಿ 1996ರ ಆರ್ಬಿಟ್ರೇಶನ್ ಕಾಯ್ದೆಯ 8ನೇ ಸೆಕ್ಷನ್ ಹಿಡಿದು "ಇದು ಇಲ್ಲಿ ಅಲ್ಲ" ಅಂತ ಹೇಳ್ಬಹುದು, ಕೋರ್ಟು ಹೆಚ್ಚಾಗಿ ಕಳಿಸಿಯೇ ಬಿಡ್ತದೆ. ಆದ್ರೆ ವಿವಾದದ ಮೇಲೆ ಮೊದಲ ಉತ್ತರ ಹಾಕುವ ಮೊದ್ಲೇ ಹೇಳ್ಬೇಕು. ಉತ್ತರ ಕೊಟ್ಟು ಆದ್ಮೇಲೆ ನೆನಪಾದ್ರೆ ಪ್ರಯೋಜನ ಇಲ್ಲ.

ಖರ್ಚು ನೋಡುವ. ಕಾಯ್ದೆಯ ನಾಲ್ಕನೇ ಶೆಡ್ಯೂಲಲ್ಲಿ ಫೀಯ ಒಂದು ಮಾದರಿ ಪಟ್ಟಿ ಉಂಟು. 5 ಲಕ್ಷದವರೆಗಿನ ವಿವಾದಕ್ಕೆ 45,000 ರೂಪಾಯಿ, 5ರಿಂದ 20 ಲಕ್ಷದವರೆಗೆ ಆದ್ರೆ 45,000 ಮತ್ತು 5 ಲಕ್ಷದ ಮೇಲಿನ ದುಡ್ಡಿಗೆ ಶೇಕಡಾ 3.5, ಒಬ್ಬರೇ ಆರ್ಬಿಟ್ರೇಟರ್ ಆದ್ರೆ ಇದರ ಮೇಲೆ ಇನ್ನೂ ಶೇಕಡಾ 25. ಹಾಗಾದ್ರೆ ನಿಮ್ಮ ಕ್ಲೈಮ್ 12 ಲಕ್ಷ ಅಂತ ಇಟ್ಕೊಳ್ಳಿ, 45,000ಕ್ಕೆ 24,500 ಸೇರಿಸಿದ್ರೆ 69,500, ಅದರ ಮೇಲೆ ಕಾಲು ಭಾಗ ಅಂದ್ರೆ 17,375, ಒಟ್ಟು 86,875. ಅರ್ಧ ನಿಮ್ಮದು ಅಂದ್ರೆ ನಲವತ್ಮೂರು ಸಾವಿರ ಚಿಲ್ಲರೆ, ಇದು ಆರ್ಬಿಟ್ರೇಟರಿಗೆ ಮಾತ್ರ, ವಕೀಲರ ಫೀ, ಟೈಪಿಂಗ್ ಬೇರೆ, ಮತ್ತೆ ಜಾಗ ಬೆಂಗಳೂರು ಅಂದ್ರೆ ಪ್ರತಿ ತಾರೀಕಿಗೆ ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಹತ್ತಿ ಇಳಿಯುದು, ಸಾಕ್ಷಿಯವನನ್ನು ಕರ್ಕೊಂಡು ಹೋದ್ರೆ ಅವನ ರಜೆ, ಊಟ, ರೂಮು ಎಲ್ಲ ನಿಮ್ಮ ತಲೆ ಮೇಲೆ. ಕ್ಲೈಮ್ ಮೂರು ಲಕ್ಷದ್ದು ಆದ್ರೆ ಈ ಲೆಕ್ಕ ಹೊಂದುದೇ ಇಲ್ಲ ಮಾರಾಯ್ರೆ. ಇಪ್ಪತ್ತು ಲಕ್ಷದ ಮೇಲೆ ಇದ್ದು, ದಾಖಲೆ ಎಲ್ಲ ಇಮೇಲಲ್ಲಿ ಉಂಟು ಅಂದ್ರೆ ಆಗ ನಾನೂ ಆರ್ಬಿಟ್ರೇಶನ್ ಬೆಟರ್ ಅಂತ ಹೇಳುದು, ಯಾಕಂದ್ರೆ ವಾದ ಪ್ರತಿವಾದದ ಪತ್ರ ಹಾಕ್ಲಿಕ್ಕೆ ಆರು ತಿಂಗಳು, ಅದಾಗಿ 12 ತಿಂಗಳಲ್ಲಿ ತೀರ್ಪು ಬರ್ಬೇಕು, ಇಬ್ರೂ ಒಪ್ಪಿದ್ರೆ ಇನ್ನೊಂದು ಆರು ತಿಂಗಳು, ಅದರ ಮೇಲೆ ಬೇಕಾದ್ರೆ ಕೋರ್ಟಿಗೇ ಹೋಗಿ ಕೇಳ್ಬೇಕು.

ಎಂಡಿ ನೇಮಿಸಿದ ಆರ್ಬಿಟ್ರೇಟರ್ ಅನ್ನುವ ಸಾಲು ಉಂಟಲ್ಲ, ಅದು ಈಗ ನಿಲ್ಲುದಿಲ್ಲ. 2015ರ ತಿದ್ದುಪಡಿ ಆದ್ಮೇಲೆ ಕಂಪನಿಯ ಉದ್ಯೋಗಿ, ಸಲಹೆಗಾರ ಆರ್ಬಿಟ್ರೇಟರ್ ಆಗುವ ಹಾಗಿಲ್ಲ. 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್, ತಾನೇ ಕೂರ್ಲಿಕ್ಕೆ ಅರ್ಹ ಅಲ್ಲದವ ಇನ್ನೊಬ್ಬನನ್ನು ತಾನೊಬ್ಬನೇ ನಿರ್ಧಾರ ಮಾಡಿ ನೇಮಿಸುದೂ ಸರಿಯಲ್ಲ ಅಂತ ಹೇಳಿದೆ. ಕಂಪನಿಯ ನೋಟಿಸ್ ಜೊತೆ ಒಂದು ಚಿಕ್ಕ ಹಾಳೆ ಬರ್ತದೆ ನೋಡಿ, "ಶ್ರೀ ಇಂಥವರ ನೇಮಕಕ್ಕೆ ನನ್ನ ಆಕ್ಷೇಪ ಇಲ್ಲ" ಅಂತ, ಕೆಳಗೆ ಸೈನಿಗೆ ಚುಕ್ಕಿ ಗೆರೆ. ಅದಕ್ಕೆ ಸೈನ್ ಹಾಕ್ಬೇಡಿ. ತಕರಾರು ಹುಟ್ಟಿದ ಮೇಲೆ ನೀವು ಬರವಣಿಗೆಯಲ್ಲಿ ಒಪ್ಪಿದ್ರೆ ಮಾತ್ರ ಆ ಅನರ್ಹತೆ ಬಿಟ್ಟು ಹೋಗುದು, ಕಂಪನಿಗೆ ಬೇಕಾದದ್ದು ಆ ಹಾಳೆಯೇ. ಹಾಗೆಯೇ "ಗೆದ್ರೂ ಸೋತ್ರೂ ಖರ್ಚೆಲ್ಲ ಉದ್ಯೋಗಿಯದ್ದು" ಅಂತ ಲೆಟರಲ್ಲಿ ಮೊದ್ಲೇ ಬರ್ಕೊಂಡಿದ್ರೆ ಅದೂ ನಡೆಯುದಿಲ್ಲ, 31ಎ ಸೆಕ್ಷನ್ ಪ್ರಕಾರ ಅಂಥ ಒಪ್ಪಂದ ವಿವಾದ ಹುಟ್ಟಿದ ಮೇಲೆ ಮಾಡಿದ್ರೆ ಮಾತ್ರ ಊರ್ಜಿತ.

ಮತ್ತೆ ನೋಟಿಸ್ ಬಂದ್ರೆ ಡ್ರಾವರಿಗೆ ಹಾಕಿ ಮರೆಯುವ ಅಭ್ಯಾಸ ಬಿಡಿ. ನೀವು ಹೋಗದಿದ್ರೂ ಆರ್ಬಿಟ್ರೇಟರ್ ಮುಂದೆ ಹೋಗಿ ಆದೇಶ ಮಾಡ್ಬಹುದು, ಆ ಆದೇಶ ಕೋರ್ಟ್ ಡಿಕ್ರಿ ಹಾಗೆಯೇ ಜಾರಿ ಆಗ್ತದೆ, ಬ್ಯಾಂಕ್ ಖಾತೆಗೆ ಬೀಗ ಬಿದ್ದ ಮೇಲೆ ಓಡಾಡುದು ಸುಲಭ ಅಲ್ಲ. ರದ್ದು ಮಾಡಿಸ್ಲಿಕ್ಕೆ ಸಿಗುದು ಮೂರು ತಿಂಗಳು, ಕಾರಣ ಇದ್ರೆ ಇನ್ನು 30 ದಿನ, ಅದಾದ ಮೇಲೆ ದೇವರೇ ಗತಿ.

ಸಿವಿಲ್ ಕೋರ್ಟು

ಆರ್ಬಿಟ್ರೇಶನ್ ಷರತ್ತು ಇಲ್ಲದ ಮ್ಯಾನೇಜರ್‌ಗಳಿಗೆ ಉಳಿದ ದಾರಿ ಇದು. ದುಡ್ಡಿನ ದಾವೆಗೆ ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಮುಂಗಡ ಕಟ್ಬೇಕು, ಕರ್ನಾಟಕದಲ್ಲಿ ಅದೇನು ಕಮ್ಮಿ ಅಲ್ಲ. ಲೆಟರಲ್ಲಿ "ಮುಂಬೈ ಕೋರ್ಟ್ ಮಾತ್ರ" ಅಂತ ಇದ್ರೆ ಅದನ್ನೂ ನೋಡ್ಕೊಳ್ಳಿ. ಪಾಟ್ನಾದವರೊಬ್ರು, ದಿಲ್ಲಿಯವರೊಬ್ರು ಎಚ್‌ಡಿಎಫ್‌ಸಿ ಬ್ಯಾಂಕ್ ಮೇಲೆ ತಮ್ಮ ತಮ್ಮ ಊರಲ್ಲೇ ದಾವೆ ಹಾಕಿದ್ರು, ಸುಪ್ರೀಂ ಕೋರ್ಟ್ 2025 ಏಪ್ರಿಲಲ್ಲಿ ಮುಂಬೈಗೇ ಹೋಗ್ಬೇಕು ಅಂತ ಹೇಳ್ತು. ಮಂಗಳೂರಿನ ಬ್ರಾಂಚಲ್ಲಿ ಕೆಲಸ ಮಾಡಿದವನಿಗೆ ಮುಂಬೈಯಲ್ಲಿ ಕೇಸು ನಡೆಸುದು ಅಂದ್ರೆ ಮತ್ಸ್ಯಗಂಧ ರೈಲಿನ ಟಿಕೆಟ್ಟೇ ಒಂದು ಬಜೆಟ್.

ನಮ್ಮ ಹುಡುಗರಿಗೆ ಜಾಸ್ತಿ ಬರುದು ಬಾಂಡ್ ತಕರಾರು. ಅದರಲ್ಲಿ ನಮ್ಮ ಊರಿನದ್ದೇ ಕೇಸು ಉಂಟು. 1931ರಲ್ಲಿ ಮಂಗಳೂರಲ್ಲಿ ಹುಟ್ಟಿ 2019ಕ್ಕೆ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿ ಹೋದ ವಿಜಯಾ ಬ್ಯಾಂಕಿನದ್ದು. ಮೂರು ವರ್ಷ ಆಗುವ ಮೊದ್ಲು ಬಿಟ್ರೆ 2 ಲಕ್ಷ ಕಟ್ಬೇಕು ಅಂತ ಷರತ್ತು, ಅಧಿಕಾರಿಯೊಬ್ರು ಬಿಟ್ಟು ಬೇರೆ ಬ್ಯಾಂಕಿಗೆ ಹೋದ್ರು, ದುಡ್ಡು ಕಟ್ಟಿ ಕೇಸ್ ಹಾಕಿದ್ರು, ಹೈಕೋರ್ಟಲ್ಲಿ ಗೆದ್ರು, 2025 ಮೇಯಲ್ಲಿ ಸುಪ್ರೀಂ ಕೋರ್ಟಲ್ಲಿ ಸೋತ್ರು. ಅದನ್ನು ಹಿಡ್ಕೊಂಡು ಈಗ ಎಲ್ಲ ಚಿಲ್ಲರೆ ಕಂಪನಿಯೂ ಬಾಂಡ್ ಪಕ್ಕಾ ಅಂತ ಬೊಬ್ಬೆ ಹಾಕ್ತಾವೆ. ಆದ್ರೆ ಅಲ್ಲಿ ಕೋರ್ಟ್ ನೋಡಿದ್ದು ಸರ್ಕಾರಿ ಬ್ಯಾಂಕಿಗೆ ಮತ್ತೆ ಜಾಹೀರಾತು ಕೊಟ್ಟು ನೇಮಕ ಮಾಡುವ ಖರ್ಚು, ಆ ಪೋಸ್ಟು, ಆ ಸಂಬಳ. ಟ್ರೇನಿಂಗೇ ಕೊಡದೆ ಹದಿನೆಂಟು ಸಾವಿರ ಸಂಬಳಕ್ಕೆ ಮೂರು ಲಕ್ಷದ ಬಾಂಡ್ ಬರೆಸಿಕೊಂಡವರಿಗೆ ನ್ಯಾಯವಾದ ಪರಿಹಾರಕ್ಕಿಂತ ಒಂದು ರೂಪಾಯಿ ಜಾಸ್ತಿ ಸಿಗ್ಬೇಕಂತಿಲ್ಲ. ಕೆಲಸ ಬಿಟ್ಟ ಮೇಲೆ ಎದುರಾಳಿ ಕಂಪನಿಗೆ ಸೇರ್ಬಾರ್ದು ಅನ್ನುವ ಷರತ್ತಂತೂ ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನಲ್ಲಿ ಬಿದ್ದು ಹೋಗ್ತದೆ.

ಕೂತು ಮಾತಾಡುದು, ಮತ್ತೆ ಅಮೆರಿಕದ ಕಂಪನಿ

ರಾಜಿಗೆ ಲೋಕ ಅದಾಲತ್ ಚೆಂದ. ಫೀ ಇಲ್ಲ, ಕೋರ್ಟಲ್ಲಿದ್ದ ಕೇಸ್ ಅಲ್ಲಿ ಮುಗಿದ್ರೆ ಕಟ್ಟಿದ ಕೋರ್ಟ್ ಫೀಯೂ ವಾಪಸ್, ಆದೇಶದ ಮೇಲೆ ಅಪೀಲ್ ಇಲ್ಲ. ಸೈನ್ ಹಾಕುವ ಮೊದ್ಲು ರಾಜಿ ಪತ್ರದಲ್ಲಿ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್, ಒರಿಜಿನಲ್ ಮಾರ್ಕ್ಸ್‌ಕಾರ್ಡು ಯಾವ ತಾರೀಕಿಗೆ ಕೊಡ್ತಾರೆ ಅಂತ ಬರೆಸಿಕೊಳ್ಳಿ, ದುಡ್ಡು ಸಿಕ್ಕಿದ ಖುಷಿಯಲ್ಲಿ ಇದನ್ನು ಬಿಟ್ಟು ಬರುವವರು ಬಹಳ.

ಮನೆಯಲ್ಲಿ ಕೂತು ಅಮೆರಿಕದ ಕಂಪನಿಗೆ ನೇರ ಕೆಲಸ ಮಾಡುವವರು ಈಗ ಮಣಿಪಾಲದಲ್ಲೂ ಇದ್ದಾರೆ, ಕಾರ್ಕಳದಲ್ಲೂ ಇದ್ದಾರೆ. ಅವರ ಕಾಂಟ್ರಾಕ್ಟಲ್ಲಿ ಆರ್ಬಿಟ್ರೇಶನ್ ಜೊತೆ "ಗುಂಪಾಗಿ ಕೇಸ್ ಹಾಕುದಿಲ್ಲ" ಅಂತಲೂ ಇರ್ತದೆ. ಅಲ್ಲಿ ಅದು ನಿಲ್ತದೆ, ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಎಪಿಕ್ ಸಿಸ್ಟಮ್ಸ್ ಕೇಸಲ್ಲಿ ಐದು ನಾಲ್ಕರ ಬಹುಮತದಲ್ಲಿ ಒಪ್ಪಿದೆ. ಲೈಂಗಿಕ ಕಿರುಕುಳದ ಕೇಸಿಗೆ ಮಾತ್ರ 2022ರ ಕಾನೂನು ವಿನಾಯಿತಿ ಕೊಟ್ಟಿದೆ. ಕುಶಾಲು ಎಂತ ಅಂದ್ರೆ ಡೋರ್‌ಡ್ಯಾಶ್ ಅನ್ನುವ ಫುಡ್ ಡೆಲಿವರಿ ಕಂಪನಿ ಹೀಗೇ ಬರೆಸಿಕೊಂಡಿತ್ತು, ಆಗ ಐದು ಸಾವಿರಕ್ಕೂ ಜಾಸ್ತಿ ಡೆಲಿವರಿಯವರು ಗುಂಪು ಬೇಡ ಅಂದ್ರೆ ಬೇಡ ಅಂತ ಒಬ್ಬೊಬ್ರಾಗಿ ಆರ್ಬಿಟ್ರೇಶನ್ ಕೇಳಿದ್ರು, ಪ್ರತಿ ಕೇಸಿಗೂ ಕಂಪನಿಯೇ ಫೀ ಕಟ್ಬೇಕು, ಲೆಕ್ಕ ಲಕ್ಷಗಟ್ಟಲೆ ಡಾಲರ್ ದಾಟಿತು, ಕಂಪನಿ ಹಿಂದೆ ಸರಿಯಲಿಕ್ಕೆ ನೋಡಿದ್ರೆ 2020ರಲ್ಲಿ ಕ್ಯಾಲಿಫೋರ್ನಿಯಾದ ಜಡ್ಜ್ ನೀವೇ ಬರೆಸಿದ್ದಲ್ವಾ, ಮಾಡಿ ಅಂತ ಆದೇಶ ಕೊಟ್ರು. ಗಲ್ಫಲ್ಲಿ ಇರುವವರಿಗೆ ಈ ಪಿರಿಪಿರಿ ಕಮ್ಮಿ, ಯುಎಇಯಲ್ಲಿ ಮೊದ್ಲು ಕಾರ್ಮಿಕ ಸಚಿವಾಲಯಕ್ಕೇ ದೂರು, 50,000 ದಿರ್ಹಮ್ ಒಳಗಿನ ಕ್ಲೈಮನ್ನು 2024ರಿಂದ ಅವರೇ ತೀರ್ಮಾನ ಮಾಡ್ತಾರೆ.

ಇನ್ನೂ ಸೈನ್ ಹಾಕದವರು, ಲೆಟರ್ ಕೈಯಲ್ಲಿ ಇಟ್ಕೊಂಡು ಇದನ್ನು ಓದ್ತಾ ಇದ್ರೆ, ಎಚ್‌ಆರಿಗೆ ಫೋನ್ ಮಾಡ್ಬೇಡಿ, ಇಮೇಲ್ ಹಾಕಿ, ಕೇಳುದು ಮೂರೇ: ವಿಚಾರಣೆಯ ಜಾಗ ಮಂಗಳೂರು ಅಥವಾ ಆನ್‌ಲೈನ್ ಆಗ್ಲಿ, ಆರ್ಬಿಟ್ರೇಟರನ್ನು ಇಬ್ರೂ ಒಪ್ಪಿ ಆರಿಸುವ, ಆಗದಿದ್ರೆ ಬೆಂಗಳೂರಿನ ಖನಿಜ ಭವನದಲ್ಲಿ ಹೈಕೋರ್ಟಿನ ಅಡಿಯಲ್ಲಿ ನಡೆಯುವ ಆರ್ಬಿಟ್ರೇಶನ್ ಸೆಂಟರ್ ಆರಿಸ್ಲಿ, ಆರ್ಬಿಟ್ರೇಟರ್ ಫೀ ಕಂಪನಿ ಕಟ್ಲಿ. ಮೂರನೇದ್ದಕ್ಕೆ ಹೆಚ್ಚಿನವರು ಇಲ್ಲ ಅಂತಾರೆ, ಮೊದಲನೇದ್ದಕ್ಕೆ ಒಪ್ಪುವವರು ನಾವು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ ಇದ್ದಾರೆ, ಯಾಕಂದ್ರೆ ಆ ಪುಟವನ್ನು ಕಂಪನಿಯವರೂ ಓದಿರುದಿಲ್ಲ.